ಡ್ರಮ್ಮಿನೊಳಗಿನ ಕರವಸ್ತ್ರ

“ನನ್ನ ನಾಲ್ಕನೆಯ ಕೋರಿಕೆ ನಿಮಗೆ ವಿಚಿತ್ರ ಅನ್ನಿಸಬಹುದು,” ಎಂದರು ಎಸ್ಕಿಲ್ಡ್ ಮೋರ್ಕ್. “ಊಟದ ನಡುವೆ ಶವಯಾತ್ರೆಯ ರಾಗವೊಂದನ್ನು ನುಡಿಸಬೇಕು.”

ಓಡೀಲ್ ರೂಸೆಲ್‌ಳ ಪೆನ್ಸಿಲು ನಿಂತಿತು.

“ಯಾವ ಶವಯಾತ್ರೆ?”

“ನಿಮ್ಮ ಊರಿನದೇ. ಮಸಣಕ್ಕೆ ಹೋಗುವಾಗ ನುಡಿಸುವಂಥದ್ದು. ಹಿಂದಿರುಗುವಾಗಿನದು ಬೇಡ.”

ಹೋಟೆಲಿನ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಇಟ್ಟಿಗೆಯ ಮೇಲೆ ಬಿದ್ದಿತ್ತು. ಮೋರ್ಕ್ ಡೆನ್ಮಾರ್ಕಿನವರು, ಶಾಲಾ ಮಾಸ್ತರರು. ತಿಂಡಿಯ ಮೇಲಿನ ಸಕ್ಕರೆ ಪುಡಿ ಅವರ ಟೈ ಮೇಲೆಲ್ಲ ಉದುರಿತ್ತು. ಚಿಕೋರಿ ಕಾಫಿಯನ್ನು ಔಷಧ ಕುಡಿಯುವವರಂತೆ ಕಣ್ಣು ಮುಚ್ಚಿ ಗುಟುಕರಿಸುತ್ತಿದ್ದರು.

ನ್ಯೂ ಆರ್ಲಿಯನ್ಸಿಗೆ ಬರುವ ಪರದೇಶದವರಿಗೆ ಊಟ, ಜಾಝ್ ಮತ್ತು ಟ್ಯಾಕ್ಸಿ ಹೊಂದಿಸಿ ಕೊಡುವುದು ಓಡೀಲಳ ಈಗಿನ ಕೆಲಸ. ಅದಕ್ಕೂ ಮೊದಲು ಆಕೆ ಪತ್ರಿಕೆಯೊಂದಕ್ಕೆ ಕೋರ್ಟಿನ ವರದಿ ಬರೆಯುತ್ತಿದ್ದಳು. ಎರಡೂ ಕೆಲಸದಲ್ಲಿ ಕಲಿತದ್ದು ಒಂದೇ: ಜನ ಏನು ಕೇಳುತ್ತಾರೆ ಎನ್ನುವುದಕ್ಕಿಂತ ಅದನ್ನು ಕೇಳಬೇಕೆಂದು ಅವರಿಗೆ ಹೇಗೆ ಗೊತ್ತಾಯಿತು ಎನ್ನುವುದು ಮುಖ್ಯ.

ಪ್ರವಾಸಿಗಳೆಲ್ಲ ಕೇಳುವುದು ಕುಣಿತದ ಹಾಡನ್ನು, ಛತ್ರಿ ತಿರುಗಿಸುತ್ತ ಹೆಜ್ಜೆ ಹಾಕುವುದನ್ನು. ಮಸಣಕ್ಕೆ ಹೋಗುವಾಗಿನ ರಾಗ ಬೇರೆ, ಬರುವಾಗಿನದು ಬೇರೆ ಎಂದು ಬಿಡಿಸಿ ಕೇಳಿದ ಪ್ರವಾಸಿಯನ್ನು ಓಡೀಲ್ ಈವರೆಗೆ ಕಂಡಿರಲಿಲ್ಲ.

“ಮೋರ್ಕ್ ಸಾಹೇಬರೇ, ಬೆಳಿಗ್ಗೆ ಫೋನಿನಲ್ಲಿ ಮೂರು ಹೇಳಿದ್ದಿರಿ. ಗುರುವಾರ ನಾಲ್ಕು ಜನಕ್ಕೆ ಊಟ. ಟ್ರೆಮೆ ಬಡಾವಣೆಯ ಬ್ರೋಯಾರ್ ಊಟದ ಮನೆಯಲ್ಲೇ ಆಗಬೇಕು. ಡ್ರಮ್ ಬಾರಿಸುವವನು ಓವಿಡ್ ಬಾಝಿಲ್ ಆಗಿರಬೇಕು. ಇಷ್ಟು ಸರಿಯಾಗಿ ನಿಮಗೆ ಹೇಳಿಕೊಟ್ಟವರು ಯಾರು?”

“ಅದರ ಜೊತೆ ಇನ್ನೊಂದು ಮರೆತಿದ್ದೆ. ಕೆಂಪು ಬೀನ್ಸು ಮತ್ತು ಅನ್ನ ಇರಬೇಕಂತೆ. ಗುರುವಾರವೇ ಇರಬೇಕಂತೆ.” ಮೋರ್ಕ್ ನಕ್ಕರು. “ಓರ್ಹುಸ್ ಅಂತ ನಮ್ಮಲ್ಲಿ ಒಂದು ಬಂದರು. ಅಲ್ಲಿ ಒಂದು ಚಿಕ್ಕ ಕಾಫಿ ಅಂಗಡಿ. ನಮ್ಮ ಹುಡುಗರು ಜಾಝ್ ನುಡಿಸಲು ಒದ್ದಾಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ನಿಮ್ಮ ಊರಿನ ಕರಿಯ ಮನುಷ್ಯನೊಬ್ಬ ತಡೆಯಲಾರದೆ ಎದ್ದು ಬಂದು, ಯಾರದೋ ಟ್ರಂಪೆಟ್ ಇಸಿದುಕೊಂಡು ಊದಿದ. ನಾನು ಅಳುವ ಮನುಷ್ಯನಲ್ಲ. ಅವತ್ತು ನನ್ನ ಹೆಂಡತಿ ನನಗೆ ಕರವಸ್ತ್ರ ಕೊಡಬೇಕಾಯಿತು.”

“ಯಾವಾಗ ಇದು?”

“ಈಸ್ಟರ್ ರಜೆಯಲ್ಲಿ.”

ಓಡೀಲ್ ಕಾಫಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

ಟ್ರಂಪೆಟ್ ವಾದಕ ಲಾಕೂರ್ ಮಾರ್ಡಿ ಗ್ರಾ ಹಬ್ಬದ ಮರುದಿನ ಕಾಣೆಯಾಗಿದ್ದ. ಅವನನ್ನು ಕೊಂದು ಮಿಸ್ಸಿಸ್ಸಿಪ್ಪಿಗೆ ಎಸೆದನೆಂದು ಅವನ ಗೆಳೆಯ, ಪಿಯಾನೋ ವಾದಕ ಥ್ಯಾಡ್ ಬ್ರೋಯಾರ್ ಜೈಲಿನಲ್ಲಿದ್ದ. ಬರುವ ಸೋಮವಾರ ನ್ಯಾಯಾಧೀಶರು ಅದನ್ನು ಕೊಲೆ ಮೊಕದ್ದಮೆ ಎಂದು ಒಪ್ಪಿಕೊಂಡರೆ ಥ್ಯಾಡ್ ಹೊರಗೆ ಬರುವ ಬಾಗಿಲು ಮುಚ್ಚಿದಂತೆ. ಅವನ ಹೆಂಡತಿ ಇನೆಜ್ ಬೇರೆ ದಾರಿ ಕಾಣದೆ ಸಹಾಯಕ್ಕೆ ಓಡೀಲಳನ್ನು ಹಿಡಿದುಕೊಂಡಿದ್ದಳು.

ಮಾರ್ಡಿ ಗ್ರಾ ಮುಗಿದು ನಲವತ್ತು ದಿನ ಉಪವಾಸ ಕಳೆದ ಮೇಲೆ ಈಸ್ಟರ್. ಸತ್ತವನು ಈಸ್ಟರಿನಲ್ಲಿ ಟ್ರಂಪೆಟ್ ಊದುವುದಿಲ್ಲ.

ಓಡೀಲ್ ಕೈಚೀಲದಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಬ್ಯಾಂಡಿನ ಗುಂಪಿನಲ್ಲಿ ಲಾಕೂರ್ ಮಧ್ಯದಲ್ಲಿದ್ದ.

ಮೋರ್ಕ್ ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು. “ಅವನಿಗೆ ಗಡ್ಡ ಇತ್ತು. ದೀಪ ಮಂಕಾಗಿತ್ತು. ಇರಬಹುದು ಎಂದಷ್ಟೇ ಹೇಳಬಲ್ಲೆ. ಹೌದು ಎಂದು ಹೇಳಿದರೆ ಸುಳ್ಳಾಗುತ್ತದೆ.”

ಪ್ರಾಮಾಣಿಕ ಮನುಷ್ಯ. ಇಂಥ ಸಾಕ್ಷಿಯನ್ನು ಸರ್ಕಾರಿ ವಕೀಲ ಎರಡು ಪ್ರಶ್ನೆಯಲ್ಲಿ ಒಗೆದು ಹಿಂಡಿ ಹಗ್ಗದ ಮೇಲೆ ಹಾಕಿಬಿಡುತ್ತಾನೆ.

“ಹೆಸರು ಹೇಳಿದನೇ?”

“ಕೇಳಿದೆ. ‘ಹೆಸರು ಊರಲ್ಲೇ ಬಿಟ್ಟು ಬಂದಿದ್ದೀನಿ’ ಅಂದ.” ಮೋರ್ಕ್ ತಲೆ ಎತ್ತಿದರು. “ಯಾಕೆ? ನಾನೇನಾದರೂ ಕೇಳಬಾರದ್ದನ್ನು ಕೇಳಿದೆನೇ?”

“ಇಲ್ಲ,” ಎಂದಳು ಓಡೀಲ್. “ಗುರುವಾರ ಏಳಕ್ಕೆ ಟ್ಯಾಕ್ಸಿ ಬರುತ್ತೆ. ಈ ಮಾತನ್ನು ಮಾತ್ರ ಅಲ್ಲಿಯವರೆಗೆ ಯಾರ ಹತ್ತಿರವೂ ಆಡಬೇಡಿ.”

* * *

ಬ್ರೋಯಾರ್ ಊಟದ ಮನೆಯ ಮುಂಬಾಗಿಲು ಸಂಜೆಗಷ್ಟೇ ತೆರೆಯುತ್ತದೆ. ಹಗಲಿನಲ್ಲಿ ಹೋಗುವವರು ಪಕ್ಕದ ಓಣಿಯಿಂದ ಅಡುಗೆಮನೆಗೇ ನುಗ್ಗಬೇಕು.

ಇನೆಜ್ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಎಣ್ಣೆ ಹಾಕಿ ಕೈ ಬಿಡದೆ ಹುರಿಯುತ್ತಿದ್ದಳು. ಗಂಬೋ ಸಾರಿನ ಬುಡವೇ ಅದು, ಬಣ್ಣ ಸರಿಯಾಗುವ ತನಕ ಮನೆಗೆ ಬೆಂಕಿ ಬಿದ್ದರೂ ಸೌಟು ನಿಲ್ಲಿಸುವಂತಿಲ್ಲ.

“ಬನ್ನಿ ಮಿಸ್ ಓಡೀಲ್. ಮುತ್ತು ಕೊಡೋಕೆ ಕೈ ಖಾಲಿ ಇಲ್ಲ, ಕೆನ್ನೆ ನೀವೇ ತನ್ನಿ.”

ಓಡೀಲ್ ಕೆನ್ನೆ ಕೊಟ್ಟಳು. ಇನೆಜ್ ಸೊರಗಿದ್ದಳು. ಏಪ್ರನ್ನಿನ ದಾರ ಸೊಂಟವನ್ನು ಎರಡು ಸುತ್ತು ಸುತ್ತಿತ್ತು.

“ಗುರುವಾರ ನಾಲ್ಕು ಜನ. ಒಬ್ಬಾಕೆ ಸಿಗಡಿ, ಏಡಿ ಮುಟ್ಟೋ ಹಾಗಿಲ್ಲ. ಮೈಯೆಲ್ಲ ಊದುತ್ತಂತೆ.”

“ಹಾಗಾದ್ರೆ ಆಕೆಗೆ ಕೋಳಿ ಹಾಕಿ ಬೇರೆ ಗಂಬೋ ಮಾಡ್ತೀನಿ. ಒಂದೇ ಸೌಟು ಎರಡು ಪಾತ್ರೆಗೆ ಇಳಿಯದ ಹಾಗೆ ನೋಡ್ಕೋತೀನಿ. ಮುಂದೆ?”

“ಕೆಂಪು ಬೀನ್ಸು, ಅನ್ನ.”

ಸೌಟು ಒಂದು ಕ್ಷಣ ತಡವರಿಸಿ ಮತ್ತೆ ಓಡಿತು. “ಗುರುವಾರನಾ? ಯಾರ್ರೀ ಅದು? ಬೀನ್ಸ್ ಸೋಮವಾರದ ಅಡುಗೆ. ಅವತ್ತು ಬಟ್ಟೆ ಒಗೆಯೋ ದಿನ, ಒಲೆ ಮೇಲೆ ಬೀನ್ಸ್ ಇಟ್ಟು ಬಟ್ಟೆ ಒಗೀತಿದ್ರು ನಮ್ಮಜ್ಜಿ. ಅವರಮ್ಮನೂ ಅದನ್ನೇ ಮಾಡ್ತಿದ್ರು. ಗುರುವಾರ ಯಾರಾದ್ರೂ ಬೀನ್ಸ್ ಕೇಳಿದ್ರೆ ಎದ್ದು ಹೋಗಿ ಅಂತೀನಿ.”

“ಯಾರಾದ್ರೂ ಕೇಳಿದ್ದುಂಟಾ?”

“ಒಬ್ಬನೇ. ಸೋಮವಾರ ಪೂರ್ತಿ ಮಲಗಿರ್ತಿದ್ದ, ಭಾನುವಾರ ಕುಡಿದದ್ದು ಇಳೀತಿರಲಿಲ್ಲ. ಮಂಗಳವಾರ ಬಂದ್ರೆ ಖಾಲಿ. ಕೊನೆಗೆ ಜಗಳ ಆಡಿ ಆಡಿ ಗುರುವಾರ ಅವನಿಗಂತಲೇ ಒಂದು ಚಿಕ್ಕ…”

ಇನೆಜಳ ಮಾತು ಅಲ್ಲೇ ನಿಂತಿತು. ಕೈ ಮಾತ್ರ ತಿರುಗುತ್ತಲೇ ಇತ್ತು.

“ಲಾಕೂರ್,” ಎಂದಳು ಓಡೀಲ್.

“ಮಿಸ್ ಓಡೀಲ್, ಅವನು ಬದುಕಿದ್ದಾನಾ?”

“ಗೊತ್ತಿಲ್ಲ. ಓರ್ಹುಸ್ ಅನ್ನೋ ಊರಲ್ಲಿ ಯಾರೋ ಒಬ್ಬ ಟ್ರಂಪೆಟ್ ಊದಿದ್ದಾನೆ. ಅವನಿಗೆ ಗುರುವಾರದ ಬೀನ್ಸ್ ಗೊತ್ತು, ಓವಿಡ್ ಗೊತ್ತು. ನಮ್ಮ ನಂಬಿಕೆಗೆ ಇಷ್ಟು ಸಾಕು. ಕೋರ್ಟಿಗೆ ಸಾಲದು.”

“ಥ್ಯಾಡ್‌ಗೆ ಹೇಳ್ಲಾ?”

“ಈಗ ಬೇಡ. ಗಟ್ಟಿಯಾದ ಮೇಲೆ ಹೇಳೋಣ.”

ಇನೆಜ್ ಭುಜದಿಂದ ಕಣ್ಣು ಒರೆಸಿಕೊಂಡಳು. “ಹೊಗೆ,” ಎಂದಳು. ಒಲೆಯಲ್ಲಿ ಹೊಗೆ ಇರಲಿಲ್ಲ. “ಪರಾನ್ ಒಳಗಿದ್ದಾರೆ. ರಾಗದ ವಿಷಯ ಅವರ ಹತ್ರವೇ ಮಾತಾಡಿ. ಇತ್ತೀಚೆಗೆ ನನ್ನ ಮುಖ ಕಂಡ್ರೆ ಎದ್ದು ಹೋಗ್ತಾರೆ.”

ಪರಾನ್ ಎಂದರೆ ಓವಿಡ್. ದೀಕ್ಷಾಸ್ನಾನದ ದಿನ ಮಗು ಇನೆಜಳನ್ನು ಎತ್ತಿಕೊಂಡು ನಿಂತ ಧರ್ಮಪಿತ. ಅಪ್ಪನಿಲ್ಲದ ಅವಳನ್ನು ಮದುವೆಯ ದಿನ ಕೈಹಿಡಿದು ಚರ್ಚಿಗೆ ಕರೆತಂದವನೂ ಅವನೇ. ಅಂಥವನು ಮಗಳ ಮುಖ ತಪ್ಪಿಸುತ್ತಿದ್ದಾನೆ ಎನ್ನುವುದನ್ನು ಓಡೀಲ್ ಮನಸ್ಸಿನಲ್ಲೇ ಬರೆದುಕೊಂಡಳು.

* * *

ಊಟದ ಕೋಣೆಯಲ್ಲಿ ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲಾಗಿದ್ದವು. ಥ್ಯಾಡ್‌ನ ಪಿಯಾನೋದ ಮುಚ್ಚಳ ಹಾಕಿತ್ತು. ಅದರ ಪಕ್ಕದಲ್ಲಿ ಓವಿಡ್ ಬಾಝಿಲ್ ಕೂತು ಒಂದು ಸಣ್ಣ ಡ್ರಮ್ಮಿನ ತಿರುಪು ಬಿಗಿಯುತ್ತಿದ್ದ. ಎಪ್ಪತ್ತು ದಾಟಿದ ಮುದುಕ. ಶರ್ಟಿನ ತೋಳಿಗೆ ಇನ್ನೂ ಗಂಜಿ ಇಸ್ತ್ರಿ.

“ಬಾ ಹುಡುಗಿ,” ಎಂದ. ಓಡೀಲಳಿಗೆ ಅರವತ್ತಾಗುತ್ತ ಬಂದಿತ್ತು.

“ಏನು ಮಿಸ್ಟರ್ ಓವಿಡ್, ಹೊಸ ಡ್ರಮ್ಮಾ?”

“ಡ್ರಮ್ಮಾ ಇದು? ಬಿಸ್ಕತ್ತಿನ ಡಬ್ಬಿ. ಹೈಸ್ಕೂಲಿನವರ ಹತ್ರ ಇಸ್ಕೊಂಡೆ.”

“ನಿಮ್ಮದಕ್ಕೇನಾಯ್ತು?”

“ಚರ್ಮ ಹರಿದಿದೆ.”

ಓಡೀಲ್ ಮೇಜಿನ ಮೇಲಿನ ಒಂದು ಕುರ್ಚಿ ಇಳಿಸಿ ಕೂತಳು. ಓವಿಡ್ ತನ್ನ ಡ್ರಮ್ಮನ್ನು ತನ್ನ ಹೆಂಡತಿಗೂ ಮುಟ್ಟಗೊಡದವನು. ಚರ್ಮ ಹರಿದರೆ ಕಾಫಿ ಆರುವುದರೊಳಗೆ ಹೊಸದು ಹಾಕುತ್ತಿದ್ದವನು. ಅಂಥವನು ಹೈಸ್ಕೂಲಿನ ಡಬ್ಬಿ ಬಾರಿಸುವುದೆಂದರೆ ಮದುವೆ ಮನೆಗೆ ಸಾಲದ ಅಂಗಿ ತೊಟ್ಟು ಹೋದ ಹಾಗೆ.

“ಗುರುವಾರ ಪರದೇಶದವರು ಬರ್ತಿದ್ದಾರೆ. ಒಂದು ಶವಯಾತ್ರೆ ರಾಗ ಬೇಕಂತೆ. ಹೋಗುವಾಗಿನದು.”

ತಿರುಪು ಬಿಗಿಯುತ್ತಿದ್ದ ಕೈ ನಿಂತಿತು.

“ಆಗೋಲ್ಲ.”

“ಯಾಕೆ?”

“ಹೆಣ ಇಲ್ಲದೆ ಅದನ್ನ ನುಡಿಸೋದಿಲ್ಲ. ಊಟದ ಜೊತೆ ನಂಚಿಕೊಳ್ಳೋಕೆ ಅದೇನು ಉಪ್ಪಿನಕಾಯಿನಾ?”

“ಹೋದ ವರ್ಷ ಇದೇ ಕೋಣೆಯಲ್ಲಿ ಫ್ರಾನ್ಸಿನವರಿಗೆ ನುಡಿಸಿದ್ರಿ. ನಾನೇ ಕೂತಿದ್ದೆ.”

“ಹೋದ ವರ್ಷ ಹೋದ ವರ್ಷಕ್ಕೇ ಹೋಯ್ತು.”

ಪಿಯಾನೋದ ಕೆಳಗೆ ಓವಿಡ್‌ನ ಕಪ್ಪು ಡ್ರಮ್ ಪೆಟ್ಟಿಗೆ ಇತ್ತು. ಮೂಲೆಗಳು ಸವೆದು ಬಿಳಿಯಾಗಿದ್ದವು. ಓಡೀಲ್ ಬಗ್ಗಿ ಅದರ ಹಿಡಿಕೆ ಹಿಡಿದಳು.

“ಮುಟ್ಟಬೇಡ ಅದನ್ನ!”

ಕೂಗಿಗೆ ಅಡುಗೆಮನೆಯ ಸೌಟಿನ ಸದ್ದು ನಿಂತಿತು. ಓಡೀಲ್ ಅಷ್ಟರೊಳಗೆ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆಗೆದಿದ್ದಳು.

ಮೇಲಿನ ಚರ್ಮ ನೆಟ್ಟಗಿತ್ತು. ಒಂದು ಗೀರೂ ಇರಲಿಲ್ಲ. ಬೆರಳಿನಿಂದ ಮೆಲ್ಲಗೆ ತಟ್ಟಿದಳು.

ಧಪ್.

ಆ ಡ್ರಮ್ಮಿನ ಸದ್ದು ಓಡೀಲಳಿಗೆ ಚಿಕ್ಕಂದಿನಿಂದ ಗೊತ್ತು. ಕೆಳಗಿನ ಚರ್ಮಕ್ಕೆ ತಾಗಿಕೊಂಡಿರುವ ತಂತಿಗಳು ಝರ್ರೆಂದು ಗಲಗುಟ್ಟಬೇಕು. ಈಗ ಗಲಗುಟ್ಟಲಿಲ್ಲ. ಒದ್ದೆ ಮಣ್ಣಿನ ಮೇಲೆ ಕಾಲಿಟ್ಟ ಹಾಗೆ ಸದ್ದು ಅಲ್ಲೇ ಹೂತುಹೋಯಿತು.

ಡ್ರಮ್ಮನ್ನು ಮಗುಚಿದಳು. ತಂತಿಗೂ ಚರ್ಮಕ್ಕೂ ನಡುವೆ ಮಡಿಸಿಟ್ಟ ಬಿಳಿಯ ಕರವಸ್ತ್ರ.

ಟ್ರೆಮೆಯಲ್ಲಿ ಹುಟ್ಟಿದ ಮಗುವಿಗೂ ಅದರ ಅರ್ಥ ಗೊತ್ತು. ಮಸಣಕ್ಕೆ ಹೊರಟಾಗ ಡ್ರಮ್ಮಿನವನು ತಂತಿಯ ಕೆಳಗೆ ಕರವಸ್ತ್ರ ತುರುಕುತ್ತಾನೆ, ಡ್ರಮ್ ಬಾಯಿಗೆ ಬಟ್ಟೆಯಿಟ್ಟು ಅತ್ತ ಹಾಗೆ ಅಳುತ್ತದೆ. ಹೆಣವನ್ನು ಮಣ್ಣಿಗೆ ಒಪ್ಪಿಸಿದ ಮೇಲೆ ಕರವಸ್ತ್ರ ಎಳೆದು ಹಾಕುತ್ತಾನೆ. ತಂತಿ ಗಲಗುಟ್ಟುತ್ತದೆ, ಬ್ಯಾಂಡು ಕುಣಿತಕ್ಕೆ ತಿರುಗುತ್ತದೆ, ಸತ್ತವನಿಗೆ ಬಿಡುಗಡೆ.

ಒಳಗೇ ಉಳಿದ ಕರವಸ್ತ್ರ ಎಂದರೆ ಯಾರಿಗೋ ಇನ್ನೂ ಬಿಡುಗಡೆಯಾಗಿಲ್ಲ.

“ಮರೆತೆ,” ಎಂದ ಓವಿಡ್. “ವಯಸ್ಸಾಯ್ತು.”

“ಮಾರ್ಡಿ ಗ್ರಾ ದಿನ ಈ ಡ್ರಮ್ ಗಲಗುಟ್ಟಿದ್ದನ್ನ ನನ್ನ ಕಿವಿಯಿಂದ ಕೇಳಿದ್ದೀನಿ. ಅಂದ್ಮೇಲೆ ಇದು ಆಮೇಲಿನದು. ಆಮೇಲೆ ನಿಮ್ಮ ಬ್ಯಾಂಡು ಹೋದ ಶವಯಾತ್ರೆ ಯಾವುದು ಹೇಳಿ.”

“ಯಾರೋ ಸಂಘದವರು…”

“ಹೆಸರು?”

ಓವಿಡ್ ಹೈಸ್ಕೂಲಿನ ಡ್ರಮ್ಮಿನ ತಿರುಪನ್ನೇ ಮತ್ತೆ ತಿರುವಿದ.

“ಮಿಸ್ಟರ್ ಓವಿಡ್, ಸತ್ತವರ ಸುದ್ದಿ ಓದದೆ ನಾನು ಬೆಳಗಿನ ಕಾಫಿ ಕುಡಿಯೋಲ್ಲ. ಈ ಸಲ ಹಬ್ಬದ ಮೇಲೆ ನಿಮ್ಮ ಬ್ಯಾಂಡು ಯಾರನ್ನೂ ಮಸಣಕ್ಕೆ ಕಳಿಸಿಲ್ಲ. ಕಳಿಸಿದ್ರೆ ಅಲ್ಲೇ ಇದನ್ನ ಎಳೆದು ಹಾಕ್ತಿದ್ರಿ. ನೀವು ನಿಮ್ಮ ಹೆಸರು ಮರೀಬಹುದು, ಇದನ್ನ ಮರೆಯೋಲ್ಲ. ಹೆಣ ಇಲ್ಲದೆ ನುಡಿಸಿದ್ದೀರಿ. ಅದಕ್ಕೇ ಇದನ್ನ ತೆಗೆಯೋಕೆ ನಿಮಗೆ ಕೈ ಬಂದಿಲ್ಲ.”

“ಕೋರ್ಟಿನಲ್ಲಿ ಕೂತು ಕೂತು ನಿನಗೆ ನಾಲಿಗೆ ಉದ್ದವಾಗಿದೆ.”

“ಆಗಿದೆ. ಹೆಣ ಇಲ್ಲದ ಸಾವು ಈ ಸಲ ಒಂದೇ. ಲಾಕೂರ್‌ಗೆ ನುಡಿಸಿದ್ರಾ?”

ಓವಿಡ್ ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದ, ಮತ್ತೆ ಒಳಗಿಟ್ಟ. ಕೈಗೆ ಏನಾದರೂ ಕೆಲಸ ಬೇಕಿತ್ತು.

“ನುಡಿಸಿದೆ,” ಎಂದ ಕೊನೆಗೆ.

“ಅಂದ್ರೆ ಅವನು ಸತ್ತಿದ್ದು ನಿಮಗೆ ಗೊತ್ತಿತ್ತು.”

“ಸತ್ತಿರಲಿಲ್ಲ.” ಮುದುಕ ನಗಲು ನೋಡಿದ, ಆಗಲಿಲ್ಲ. “ಟ್ರಂಪೆಟ್ ಅವನೇ ಊದಿದ.”

ಓಡೀಲಳ ಬಳಿ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು. ಈಗ ಅದು ಕೆಲಸಕ್ಕೆ ಬರಲಿಲ್ಲ.

“ಬೂದಿ ಬುಧವಾರ, ಮಾರ್ಡಿ ಗ್ರಾ ಮರುದಿನ ಬೆಳಿಗ್ಗೆ,” ಎಂದ ಓವಿಡ್. “ಊರೆಲ್ಲ ಕುಡಿದು ಮಲಗಿತ್ತು. ಬಾಗಿಲು ಬಡಿದು ಎಬ್ಬಿಸಿದ. ‘ನಾನು ಸಾಯಬೇಕು, ಇಲ್ಲದಿದ್ರೆ ಸಾಯಿಸ್ತಾರೆ’ ಅಂದ. ಯಾರು ಅಂದ್ರೆ ಹೇಳಲಿಲ್ಲ. ‘ದೋಣಿ ಬರುತ್ತೆ, ಹೋಗೋಕೆ ಮುಂಚೆ ನನಗೆ ಮಸಣದ ರಾಗ ಆಗಬೇಕು, ಪರದೇಶದಲ್ಲಿ ಸತ್ತರೆ ಯಾರು ನುಡಿಸ್ತಾರೆ?’ ಅಂದ. ಹುಚ್ಚ. ನಾನೂ ಹುಚ್ಚ. ನದಿ ದಂಡೆಗೆ ಹೋದ್ವಿ. ‘ಕರವಸ್ತ್ರ ತೆಗೀಬೇಡ ಓವಿಡ್, ನನ್ನ ಹೆಣದ ಸುದ್ದಿ ನಿಜವಾಗಿ ಬಂದ ದಿನ ತೆಗಿ’ ಅಂತ ಮಾತು ತಗೊಂಡ.”

“ಆಮೇಲೆ?”

“ಆಮೇಲೆ ಟ್ರಂಪೆಟ್ ಕೊಟ್ಟು ಹೋದ. ‘ಸತ್ತವನಿಗೆ ಯಾಕಿದು’ ಅಂತ.”

“ಯಾರಿಗೆ ಕೊಟ್ಟ?”

ಓಡೀಲ್ ಉತ್ತರಕ್ಕೆ ಕಾಯಲಿಲ್ಲ. ಆ ಟ್ರಂಪೆಟ್ ಸಿಕ್ಕಿದ್ದು ಥ್ಯಾಡ್‌ನ ಕಾರಿನ ಡಿಕ್ಕಿಯಲ್ಲಿ. ಟ್ರಂಪೆಟ್ಟಿನವನು ಜೀವ ಇರುವ ತನಕ ಟ್ರಂಪೆಟ್ ಬಿಡುವುದಿಲ್ಲ ಎಂದೇ ಪೊಲೀಸರು ಕೊಲೆಯ ಲೆಕ್ಕಕ್ಕೆ ಬಂದದ್ದು.

“ಮಸಣದ ನಡಿಗೆಗೆ ಹೆಜ್ಜೆ ಕೊಡೋದು ದೊಡ್ಡ ಡ್ರಮ್ಮು. ಅದಿಲ್ಲದೆ ನೀವು ಒಂದಡಿ ಮುಂದಿಡೋಲ್ಲ. ನಿಮ್ಮದು ಸಣ್ಣದು. ಲಾಕೂರ್‌ನ ಕೈಲಿ ಟ್ರಂಪೆಟ್ಟು. ದೊಡ್ಡದನ್ನ ಹೊತ್ತವರು ಯಾರು, ಮಿಸ್ಟರ್ ಓವಿಡ್?”

“ಹುಡುಗಿ, ಬೇಡ.”

“ಬೀದಿಯಲ್ಲಿ ಪಿಯಾನೋ ಹೊತ್ತು ನಡೆಯೋಕಾಗಲ್ಲ. ಮೆರವಣಿಗೆಯಲ್ಲಿ ಪಿಯಾನೋದವರು ಯಾವಾಗಲೂ ದೊಡ್ಡ ಡ್ರಮ್ಮನ್ನೇ ಹೊರೋದು. ಥ್ಯಾಡ್ ಅಲ್ಲಿದ್ದ.”

ಓವಿಡ್‌ನ ಕಣ್ಣು ಓಡೀಲಳನ್ನು ದಾಟಿ ಅವಳ ಹಿಂದೆ ನೆಟ್ಟಿತು.

ಅಡುಗೆಮನೆಯ ಬಾಗಿಲಲ್ಲಿ ಇನೆಜ್ ನಿಂತಿದ್ದಳು. ಒಳಗಿನಿಂದ ಹಿಟ್ಟು ಸೀದ ವಾಸನೆ ಬರುತ್ತಿತ್ತು.

“ಥ್ಯಾಡ್ ಅಲ್ಲಿದ್ನಾ, ಪರಾನ್?”

“ಮಗಳೇ…”

“ಲಾಕೂರ್ ದೋಣಿ ಹತ್ತಿ ಹೋಗಿದ್ದನ್ನ ಕಣ್ಣಾರೆ ನೋಡಿದ್ನಾ?”

“ನೋಡಿದ.”

“ಹಾಗಾದ್ರೆ ಅವನು ಒಂದು ಮಾತು ಹೇಳಿದ್ರೆ ಮನೆಗೆ ಬರ್ತಿದ್ದ. ನೀವು ಒಂದು ಮಾತು ಹೇಳಿದ್ರೆ ಬರ್ತಿದ್ದ. ನಾನು ರಾತ್ರಿಯೆಲ್ಲ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿದ್ರೆ ಇಬ್ಬರೂ ಬಾಯಿ ಹೊಲ್ಕೊಂಡು ಕೂತಿದ್ರಾ? ನನ್ನ ಕೈಹಿಡಿದು ಚರ್ಚಿಗೆ ಕರ್ಕೊಂಡು ಹೋದವರು ನೀವು!”

“ನಾನು ಹೇಳೋಕೆ ಹೊರಟಿದ್ದೆ.” ಓವಿಡ್ ಎದ್ದು ನಿಂತ. ಪಿಯಾನೋದ ಅಂಚು ಹಿಡಿದುಕೊಂಡ. “ಜೈಲಿಗೆ ಹೋಗಿ ಅವನ ಹತ್ರವೇ ಕೇಳಿದೆ. ಗಾಜಿನ ಆಚೆಯಿಂದ ಒಂದೇ ಮಾತು ಅಂದ. ‘ಇನೆಜ್ ಬೈಬಲ್ ಮುಟ್ಟಿ ಬರೆದು ಕೊಟ್ಟಿದ್ದಾಳೆ, ಪರಾನ್.’”

ಓಡೀಲ್ ಇನೆಜಳ ಕಡೆ ತಿರುಗಿದಳು.

“ಏನು ಬರೆದು ಕೊಟ್ಟಿದ್ದೆ?” ಎಂದಳು ಓಡೀಲ್. ಇಷ್ಟು ದಿನ ಇವಳು ಇದನ್ನು ತನಗೆ ಹೇಳಿರಲಿಲ್ಲ.

“ಆ ಬೆಳಿಗ್ಗೆ ಅವನು ಮನೆ ಬಿಟ್ಟು ಕದಲಲಿಲ್ಲ ಅಂತ. ನನ್ನ ಪಕ್ಕದಲ್ಲೇ ಮಲಗಿದ್ದ ಅಂತ.”

“ಮಲಗಿರಲಿಲ್ಲ.”

“ಹಾಸಿಗೆ ಖಾಲಿ ಇತ್ತು. ಬಂದಾಗ ಬೂಟಿಗೆಲ್ಲ ನದಿ ಮಣ್ಣು. ಎಲ್ಲಿಗೆ ಹೋಗಿದ್ದೆ ಅಂದ್ರೆ ಹೇಳಲಿಲ್ಲ. ಹಿಂದಿನ ದಿನ ತಾನೇ ಅವನೂ ಲಾಕೂರೂ ಮೆರವಣಿಗೆಯಲ್ಲಿ ಹೊಡೆದಾಡಿದ್ರು.” ಇನೆಜ್ ಬಾಗಿಲಿನ ಚೌಕಟ್ಟಿಗೆ ಒರಗಿದಳು. ಸ್ವರ ಚಿಕ್ಕದಾಯಿತು. “ಅವನೇ ಮಾಡಿದ್ದಾನೆ ಅಂದ್ಕೊಂಡೆ, ಮಿಸ್ ಓಡೀಲ್. ನನ್ನ ಗಂಡ ಕೊಲೆ ಮಾಡಿದ್ದಾನೆ ಅಂತ ನಂಬಿಯೇ ಆಣೆ ಮಾಡಿದೆ.”



ಓಡೀಲಳ ತಲೆಯಲ್ಲಿ ಹಳೆಯ ಕೋರ್ಟು ತಾನಾಗಿ ತೆರೆದುಕೊಂಡಿತು. ಥ್ಯಾಡ್ ನದಿ ದಂಡೆಯಲ್ಲಿದ್ದೆ ಎಂದರೆ ಹೆಂಡತಿಯ ಆಣೆ ಸುಳ್ಳು. ಓವಿಡ್ ಸಾಕ್ಷಿ ಹೇಳಿದರೂ ಅಷ್ಟೇ. ಕೊಲೆ ಪ್ರಕರಣದಲ್ಲಿ ಸುಳ್ಳು ಆಣೆಗೆ ಈ ರಾಜ್ಯದಲ್ಲಿ ಸಣ್ಣ ಶಿಕ್ಷೆಯಿಲ್ಲ. ಗಂಡನನ್ನು ಉಳಿಸಲೆಂದು ಇವಳು ಹೇಳಿದ ಸುಳ್ಳಿನ ಮೇಲೆ ಅವನು ಬೆನ್ನು ಕೊಟ್ಟು ಕೂತಿದ್ದಾನೆ, ಅದು ಕುಸಿದು ಇವಳ ಮೇಲೆ ಬೀಳದಿರಲಿ ಎಂದು.

“ಪೆದ್ದ,” ಎಂದಳು ಇನೆಜ್, ಗಂಡನನ್ನೇ ಎದುರಿಗೆ ಕಂಡವಳಂತೆ. “ದೊಡ್ಡ ಪೆದ್ದ.” ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. ಬೆರಳು ಸಾಲದೆ ಹಲ್ಲಿನಿಂದ ಎಳೆದಳು.

“ಎಲ್ಲಿಗೆ?”

“ಆಣೆ ವಾಪಸ್ ತಗೊಳ್ಳೋಕೆ. ಹೇಗೆ ತಗೋಬೇಕು ಹೇಳಿ. ಜೈಲಿಗೆ ಹಾಕಲಿ. ಸೋಮವಾರಕ್ಕೆ ಮುಂಚೆ ಆಗಬೇಕು.”

“ಮಗಳೇ, ಕೂತ್ಕೋ,” ಎಂದ ಓವಿಡ್.

“ನೀವು ಇನ್ನು ಮಾತಾಡಬೇಡಿ ಪರಾನ್.”

ಓಡೀಲ್ ಅವಳ ಎರಡೂ ಕೈ ಹಿಡಿದಳು. “ಕೇಳು. ತಾನಾಗಿ ಹೋಗಿ ತಪ್ಪು ಹೇಳಿಕೆ ತಿದ್ದಿದವರನ್ನ ನ್ಯಾಯಾಧೀಶರು ಸ್ವಲ್ಪ ಬೇರೆ ಕಣ್ಣಿಂದ ನೋಡ್ತಾರೆ. ವಕೀಲರನ್ನ ಕರ್ಕೊಂಡು, ಹೇಳಿಕೆ ಬರೆದುಕೊಂಡ ಅಧಿಕಾರಿಯ ಹತ್ರವೇ ಮೊದಲು ಹೋಗಬೇಕು. ಬರೆದುಕೊಂಡವರು ಯಾರು? ಎಂಥ ಮನುಷ್ಯ?”

“ಒಳ್ಳೆಯವನು. ನದಿಯಾಚೆಯ ಠಾಣೆಯ ಪತ್ತೇದಾರ. ಆಣೆ ಮಾಡುವಾಗ ತಾನೇ ನೀರು ತಂದು ಕೊಟ್ಟ. ‘ಹೆದರಬೇಡಮ್ಮ, ಹೆಂಡತಿಯ ಮಾತಿಗೆ ತೂಕ ಇದೆ’ ಅಂದ. ಅವತ್ತಿನಿಂದ ವಾರಕ್ಕೊಮ್ಮೆ ಬಂದು ಊಟ ಮಾಡಿ, ಧೈರ್ಯ ಹೇಳಿ ಹೋಗ್ತಾನೆ. ಟೆರಿಯೋ ಅಂತ.”

ಓವಿಡ್ ಪಿಯಾನೋದ ಅಂಚು ಬಿಟ್ಟು ಮೆಲ್ಲಗೆ ಕೆಳಗೆ ಕೂತ. ಕುರ್ಚಿ ಇದೆಯೇ ಎಂದು ನೋಡಿಕೊಂಡಿರಲಿಲ್ಲ. ನೆಲದ ಮೇಲೇ ಕೂತ.

“ಏನಾಯ್ತು?” ಎಂದಳು ಓಡೀಲ್.

“ಅವತ್ತು ದೋಣಿ ತಂದವನೊಬ್ಬನಿದ್ದ. ಎತ್ತರದವನು. ನಾವು ನುಡಿಸುವಾಗ ಹಿಂದೆ ನಿಂತು ಟೋಪಿ ತೆಗೆದು ಎದೆಗೆ ಹಿಡ್ಕೊಂಡಿದ್ದ. ಒಳ್ಳೆಯವನು ಅಂತ ನಾನೂ ಅಂದ್ಕೊಂಡೆ.” ಮುದುಕ ಇನೆಜಳ ಕಡೆ ನೋಡಿದ. “ದೋಣಿ ಹತ್ತುವಾಗ ಲಾಕೂರ್ ಅವನನ್ನ ಟೆರಿಯೋ ಅಂತ ಕರೆದ.”

ಅಂದರೆ ಇನೆಜ್ ಬೈಬಲ್ ಮುಟ್ಟಿದಾಗ, ಅವಳು ಹೇಳುತ್ತಿರುವುದು ಸುಳ್ಳೆಂದು ಅದನ್ನು ಬರೆದುಕೊಳ್ಳುತ್ತಿದ್ದವನಿಗೆ ಗೊತ್ತಿತ್ತು. ಗೊತ್ತಿದ್ದೇ ನೀರು ತಂದು ಕೊಟ್ಟಿದ್ದ.

“ಇನೆಜ್,” ಎಂದಳು ಓಡೀಲ್, ಸ್ವರ ಏರದಂತೆ ನೋಡಿಕೊಂಡು. “ಈ ವಾರ ಅವನು ಬಂದಿದ್ನಾ?”

“ಇವತ್ತೇ ಬಂದಿದ್ದ, ಮಧ್ಯಾಹ್ನ. ಗುರುವಾರ ಏನು ವಿಶೇಷ ಅಂದ. ನೀವು ಬೆಳಿಗ್ಗೆ ಫೋನ್ ಮಾಡಿದ್ದು ಹೇಳಿದೆ, ಡೆನ್ಮಾರ್ಕಿನವರು ಬರ್ತಿದ್ದಾರೆ ಅಂತ.” ಇನೆಜ್ ಒಮ್ಮೆ ಓಡೀಲಳನ್ನೂ ಒಮ್ಮೆ ಓವಿಡ್‌ನನ್ನೂ ನೋಡಿದಳು. “ಡೆನ್ಮಾರ್ಕ್ ಅಂದಿದ್ದೇ ತಡ, ಊಟ ಅರ್ಧಕ್ಕೇ ಬಿಟ್ಟ. ಅವರು ಯಾವ ಹೋಟೆಲಿನಲ್ಲಿ ಇಳ್ಕೊಂಡಿದ್ದಾರೆ ಅಂತ ಕೇಳಿದ. ಹೇಳಿದೆ.”